ಕೈಕಾಲು ಜೋಮು, ಬಲ ಕಡಿಮೆ: ಎಲ್ಲಿ, ಯಾವಾಗ, ಎಷ್ಟು ಬೇಗ?

ಕೈ ಜುಮ್ ಅನ್ನುತ್ತದೆ, ಕಾಲು ಮರಗಟ್ಟಿದ ಹಾಗಿದೆ, ಹಿಡಿದ ಲೋಟ ಜಾರಿ ಬೀಳುತ್ತದೆ. ಇಂಥದ್ದೊಂದು ಮಾತು ಹೇಳದವರು ಕಡಿಮೆ. ಹೇಳಿದರೆ ಸಿಗುವ ಉತ್ತರ ಸಾಮಾನ್ಯವಾಗಿ ಎರಡೇ. ಒಬ್ಬರು "ನರ ವೀಕ್ ಆಗಿದೆ, ಬಿ ಕಾಂಪ್ಲೆಕ್ಸ್ ತಗೊಳ್ಳಿ" ಅನ್ನುತ್ತಾರೆ. ಇನ್ನೊಬ್ಬರು ಲಕ್ವ ಇರಬಹುದು ಅಂತ ಹೆದರಿಸುತ್ತಾರೆ. ಕೆಲವೊಮ್ಮೆ ಎರಡೂ ನಿಜ ಇರಬಹುದು. ಆದರೆ ಬಹಳಷ್ಟು ಸಲ ಕಾರಣ ಬೇರೆಯೇ ಇರುತ್ತದೆ, ಮತ್ತು ಅದರ ಸುಳಿವು ತೊಂದರೆ ಅನುಭವಿಸುವವರ ಹತ್ತಿರವೇ ಇರುತ್ತದೆ: ಯಾವ ಬೆರಳು, ಒಂದೇ ಕಡೆಯೋ ಎರಡೂ ಕಡೆಯೋ, ರಾತ್ರಿ ಜಾಸ್ತಿಯೋ ಹಗಲೋ, ನಿಮಿಷಗಳಲ್ಲಿ ಶುರುವಾಯಿತೋ ವರ್ಷಗಳಿಂದ ನಿಧಾನವಾಗಿ ಬಂತೋ. ನರರೋಗ ತಜ್ಞರು ಮೊದಲು ಕೇಳುವುದು ಇದನ್ನೇ. ಸ್ಕ್ಯಾನು, ರಕ್ತಪರೀಕ್ಷೆ ಎಲ್ಲ ಆಮೇಲೆ.

ಮೊದಲು, ನಿಜವಾಗಿ ಏನಾಗುತ್ತಿದೆ?

ಜೋಮು, ಸ್ಪರ್ಶ ಗೊತ್ತಾಗದಿರುವುದು, ಬಲ ಕಡಿಮೆಯಾಗುವುದು. ಮೂರನ್ನೂ ಒಂದೇ ಉಸಿರಿನಲ್ಲಿ ಹೇಳಿಬಿಡುತ್ತೇವೆ. ಆದರೆ ಮೂರೂ ಬೇರೆ ಬೇರೆ.

ಯಾರೂ ಮುಟ್ಟದಿದ್ದರೂ ಸೂಜಿ ಚುಚ್ಚಿದ ಹಾಗೆ, ಇರುವೆ ಹರಿದ ಹಾಗೆ ಅನ್ನಿಸಿದರೆ ಅದು ಜೋಮು. ಸುಮ್ನೆ ಇರಬೇಕಾದ ನರ ತಾನಾಗಿಯೇ ಸಂದೇಶ ಕಳಿಸುತ್ತಿದೆ. ಮರಗಟ್ಟುವುದು ಇದರ ಉಲ್ಟಾ. ಮುಟ್ಟಿದರೂ, ಬಿಸಿ ತಾಗಿದರೂ ಸುದ್ದಿ ಮಿದುಳಿಗೆ ಹೋಗುವುದಿಲ್ಲ. ಇನ್ನು ಬಲ ಹೋಗುವುದು ಅಂದರೆ ಮಿದುಳು ಕಳಿಸಿದ ಅಪ್ಪಣೆ ಸ್ನಾಯುವಿಗೆ ಮುಟ್ಟುತ್ತಿಲ್ಲ, ಇಲ್ಲವೇ ಮುಟ್ಟಿದರೂ ಸ್ನಾಯುವಿಗೆ ಅದನ್ನು ಮಾಡಲು ಆಗುತ್ತಿಲ್ಲ.

ಸುಸ್ತು ಮತ್ತು ಬಲ ಇಲ್ಲದಿರುವುದು ಒಂದೇ ಅಲ್ಲ ಅನ್ನುವುದನ್ನೂ ಇಲ್ಲೇ ಹೇಳಿಬಿಡಬೇಕು. ಜ್ವರ, ನಿದ್ದೆಗೇಡು, ರಕ್ತಹೀನತೆ ಇದ್ದಾಗ ಇಡೀ ಮೈ ಭಾರ ಅನ್ನಿಸುತ್ತದೆ, ಆದರೂ ಕೆಲಸ ಆಗುತ್ತದೆ. ನಿಜವಾಗಿ ಬಲ ಹೋದಾಗ ಒಂದು ನಿರ್ದಿಷ್ಟ ಕೆಲಸವೇ ಕೈಕೊಡುತ್ತದೆ. ಕೈ ಊರದೆ ಕುರ್ಚಿಯಿಂದ ಏಳಲು ಆಗುತ್ತದೆಯೇ? ಹಿಮ್ಮಡಿಯ ಮೇಲೆ ನಾಲ್ಕು ಹೆಜ್ಜೆ, ಆಮೇಲೆ ತುದಿಗಾಲಲ್ಲಿ ನಾಲ್ಕು ಹೆಜ್ಜೆ ನಡೆಯಲು ಬರುತ್ತದೆಯೇ? ಅಂಗಿ ಗುಂಡಿ ಹಾಕಲು ಮೊದಲಿಗಿಂತ ಹೊತ್ತು ಹಿಡಿಯುತ್ತಿದೆಯೇ? ಇವು ಚಿಕ್ಕ ಪರೀಕ್ಷೆಗಳು, ಆದರೆ "ವೀಕ್‌ನೆಸ್" ಅನ್ನುವ ಒಂದು ಮಾತಿಗಿಂತ ಎಷ್ಟೋ ಹೆಚ್ಚು ಹೇಳುತ್ತವೆ.

ನರ ಅಂದರೆ ಒಂದೇ ಎಳೆಯಲ್ಲ, ಸಾವಿರಾರು ತಂತುಗಳ ಕಟ್ಟು. ಕೆಲವು ತಂತುಗಳು ಚರ್ಮದಿಂದ ಸುದ್ದಿ ತರುತ್ತವೆ, ಕೆಲವು ಸ್ನಾಯುವಿಗೆ ಅಪ್ಪಣೆ ಒಯ್ಯುತ್ತವೆ. ಅನೇಕ ತಂತುಗಳ ಸುತ್ತ ಮಯಲಿನ್ ಅನ್ನುವ ಕೊಬ್ಬಿನಂಶದ ಪದರ ಇರುತ್ತದೆ. ಅದು ಇದ್ದರೆ ಸಂದೇಶ ಸೆಕೆಂಡಿಗೆ ಸುಮಾರು 50 ಮೀಟರ್ ವೇಗದಲ್ಲಿ ಓಡುತ್ತದೆ, ಪದರ ಹಾಳಾದರೆ ನಿಧಾನವಾಗುತ್ತದೆ ಅಥವಾ ದಾರಿಯಲ್ಲೇ ನಿಂತುಹೋಗುತ್ತದೆ. ಮಿದುಳಿನಿಂದ ಬೆನ್ನುಹುರಿ, ಅಲ್ಲಿಂದ ನರದ ಬೇರು, ಬೇರಿನಿಂದ ಕೈಕಾಲಿನ ನರ, ಕೊನೆಗೆ ಸ್ನಾಯು. ಈ ದಾರಿಯಲ್ಲಿ ಎಲ್ಲಿ ಬೇಕಾದರೂ ತೊಡಕಾಗಬಹುದು, ಮತ್ತು ತೊಡಕು ಎಲ್ಲಿದೆ ಅನ್ನುವುದರ ಮೇಲೆ ಲಕ್ಷಣ ಬದಲಾಗುತ್ತದೆ.

ಕಾಲು ಮಡಚಿ ಕೂತಾಗ ಬರುವ ಜೋಮು

ಇದು ಎಲ್ಲರಿಗೂ ಗೊತ್ತಿರುವುದೇ, ಅಲ್ವಾ? ಬಹಳ ಹೊತ್ತು ಒಂದೇ ಭಂಗಿಯಲ್ಲಿ ಕೂತರೆ ನರ ಅದುಮಿಕೊಳ್ಳುತ್ತದೆ. ನರಕ್ಕೂ ರಕ್ತ ಬೇಕು. ಅದರ ಸಣ್ಣ ಸಣ್ಣ ರಕ್ತನಾಳಗಳೂ ಒತ್ತಿಹೋಗಿ ಸಂದೇಶ ನಿಲ್ಲುತ್ತದೆ, ಕಾಲು ಮರಗಟ್ಟುತ್ತದೆ. ಎದ್ದು ನಿಂತ ಮೇಲೆ ಚುರುಚುರು ಅನ್ನುವುದು ನರ ಮತ್ತೆ ಕೆಲಸ ಶುರು ಮಾಡುವ ಹೊತ್ತಿನ ಗಲಾಟೆ. ಕೆಲವೇ ನಿಮಿಷದಲ್ಲಿ ಸರಿಹೋದರೆ ಅದರ ಬಗ್ಗೆ ತಲೆ ಕೆಡಿಸಿಕೊಳ್ಳಬೇಕಿಲ್ಲ.

ಒತ್ತಡ ಗಂಟೆಗಟ್ಟಲೆ ಬಿದ್ದರೆ ಮಾತ್ರ ಕಥೆ ಬೇರೆ. ಕುಡಿದು ಕುರ್ಚಿಯ ಬೆನ್ನಿಗೆ ತೋಳು ಹಾಕಿಕೊಂಡು ರಾತ್ರಿಯೆಲ್ಲ ಮಲಗಿದವರಿಗೆ ಬೆಳಗ್ಗೆ ಎದ್ದಾಗ ಮಣಿಕಟ್ಟು ಜೋತುಬಿದ್ದಿರುತ್ತದೆ, ಮೇಲಕ್ಕೆ ಎತ್ತಲು ಆಗುವುದಿಲ್ಲ. ತೋಳಿನ ಮೂಳೆಗೆ ಅಂಟಿಕೊಂಡು ಸಾಗುವ ರೇಡಿಯಲ್ ನರ ಅದುಮಿರುವುದೇ ಇದಕ್ಕೆ ಕಾರಣ. ಬಹುತೇಕ ಜನರಿಗೆ ಇದು ವಾಸಿಯಾಗುತ್ತದೆ, ಆದರೆ ನಿಮಿಷಗಳಲ್ಲಲ್ಲ, ವಾರಗಳಲ್ಲಿ.

ಕೈ ಜೋಮಾದರೆ ಬೆರಳು ನೋಡಿ

ಕೈ ಜೋಮಿನ ಕಾರಣ ಹುಡುಕುವಾಗ ಬೆರಳುಗಳಷ್ಟು ಸ್ಪಷ್ಟವಾಗಿ ಹೇಳುವುದು ಬೇರೆ ಏನೂ ಇಲ್ಲ.

ಹೆಬ್ಬೆರಳು, ತೋರುಬೆರಳು, ನಡುಬೆರಳು, ಜೊತೆಗೆ ಉಂಗುರ ಬೆರಳಿನ ಅರ್ಧ. ಇಷ್ಟು ಜಾಗ ಮೀಡಿಯನ್ ನರಕ್ಕೆ ಸೇರಿದ್ದು. ಇದು ಮಣಿಕಟ್ಟಿನಲ್ಲಿ ಒಂದು ಇಕ್ಕಟ್ಟಾದ ಸಂದಿಯ ಮೂಲಕ ಅಂಗೈಗೆ ಬರುತ್ತದೆ. ಆ ಸಂದಿಗೆ ಕಾರ್ಪಲ್ ಟನಲ್ ಅಂತ ಹೆಸರು. ಬೆರಳು ಮಡಚುವ 9 ಸ್ನಾಯುರಜ್ಜುಗಳೂ ಇದೇ ಸಂದಿಯಲ್ಲಿ ನುಸುಳುತ್ತವೆ. ಒಳಗೆ ಸ್ವಲ್ಪ ಊದಿಕೊಂಡರೂ ಪೆಟ್ಟು ಬೀಳುವುದು ನರಕ್ಕೇ. ಗರ್ಭಿಣಿಯರಲ್ಲಿ, ಥೈರಾಯ್ಡ್ ಕಡಿಮೆ ಇರುವವರಲ್ಲಿ, ಸಕ್ಕರೆ ಕಾಯಿಲೆ ಇರುವವರಲ್ಲಿ, ಕೈಗೆ ಒಂದೇ ಥರದ ಜೋರು ಕೆಲಸ ಕೊಡುವವರಲ್ಲಿ ಇದು ಜಾಸ್ತಿ. ಗಂಡಸರಿಗಿಂತ ಹೆಂಗಸರಿಗೆ ಜಾಸ್ತಿ.

ಇದರ ಗುರುತು ರಾತ್ರಿಯಲ್ಲಿ ಸಿಗುತ್ತದೆ. ನಿದ್ದೆಯಲ್ಲಿ ಮಣಿಕಟ್ಟು ಮಡಚಿಕೊಂಡು ಸಂದಿ ಇನ್ನಷ್ಟು ಇಕ್ಕಟ್ಟಾಗುತ್ತದೆ. ಎರಡು ಮೂರು ಗಂಟೆಗೆ ಎಚ್ಚರವಾಗಿ, ಕೈಯನ್ನು ಮಂಚದ ಪಕ್ಕಕ್ಕೆ ಇಳಿಬಿಟ್ಟು ಜೋರಾಗಿ ಕೊಡವುತ್ತಾರೆ. ಕೊಡವಿದರೆ ಸ್ವಲ್ಪ ಹಾಯೆನಿಸುತ್ತದೆ. ಕೊಡವಿ ತೋರಿಸುವ ರೋಗಿಯನ್ನು ನೋಡಿದರೆ ವೈದ್ಯರಿಗೆ ಅರ್ಧ ಕೆಲಸ ಮುಗಿದ ಹಾಗೆ. ಮೊಬೈಲ್ ಹಿಡಿದು ಓದುವಾಗ, ಗಾಡಿ ಓಡಿಸುವಾಗ ಕೂಡ ಜೋಮು ಬರಬಹುದು. ಎರಡೂ ಅಂಗೈಗಳ ಹಿಂಬದಿ ಒಂದಕ್ಕೊಂದು ತಾಗುವ ಹಾಗೆ ಮಣಿಕಟ್ಟು ಪೂರ್ತಿ ಕೆಳಕ್ಕೆ ಮಡಚಿ ಒಂದು ನಿಮಿಷ ಹಿಡಿದರೆ ಅದೇ ಬೆರಳುಗಳಲ್ಲಿ ಜುಮ್ ಅಂದರೆ ಅನುಮಾನ ಇನ್ನೂ ಗಟ್ಟಿ. ಶುರುವಿನಲ್ಲಿ ರಾತ್ರಿ ಮಣಿಕಟ್ಟು ನೇರವಾಗಿಡುವ ಪಟ್ಟಿ ಕಟ್ಟಿಕೊಂಡರೆ ಎಷ್ಟೋ ಜನರಿಗೆ ಸಾಕಾಗುತ್ತದೆ. ಹೆಬ್ಬೆರಳಿನ ಬುಡದ ದಿಂಡು ಇಳಿದು ಚಪ್ಪಟೆಯಾಗುತ್ತಿದ್ದರೆ ಮಾತ್ರ ಕಾಯುವ ಹಾಗಿಲ್ಲ, ಸ್ನಾಯು ಸವೆಯುತ್ತಿದೆ ಅಂತ ಅರ್ಥ.

ಕಿರುಬೆರಳು ಮತ್ತು ಉಂಗುರ ಬೆರಳಿನ ಹೊರಗಿನ ಅರ್ಧ ಜೋಮಾದರೆ ಮೊಣಕೈ ಕಡೆ ನೋಡಬೇಕು. ಮೊಣಕೈ ಎಲ್ಲಿಗಾದರೂ ತಾಗಿದಾಗ ಕಿರುಬೆರಳಿನ ತನಕ ಕರೆಂಟ್ ಹೊಡೆದ ಹಾಗಾಗುತ್ತದಲ್ಲ, ಅದೇ ಅಲ್ನಾರ್ ನರ. ಅಲ್ಲಿ ಅದು ಚರ್ಮದ ಕೆಳಗೇ ಇದೆ. ಮೇಜಿನ ಮೇಲೆ ಮೊಣಕೈ ಊರಿ ಕೂರುವ ಅಭ್ಯಾಸ, ಮೊಣಕೈ ಪೂರ್ತಿ ಮಡಚಿ ಬಹಳ ಹೊತ್ತು ಫೋನ್ ಹಿಡಿಯುವುದು ಇದನ್ನು ಕೆಣಕುತ್ತದೆ.

ಕುತ್ತಿಗೆಯಲ್ಲಿ ನರದ ಬೇರು ಒತ್ತಿದಾಗಲೂ ಬೆರಳು ಜೋಮಾಗುತ್ತದೆ. ಆಗ ಸಾಮಾನ್ಯವಾಗಿ ಕುತ್ತಿಗೆ ಅಥವಾ ಹೆಗಲಿನಿಂದ ನೋವು ಕೈಗುಂಟ ಇಳಿಯುತ್ತದೆ, ಕತ್ತು ಒಂದು ಕಡೆ ತಿರುಗಿಸಿದರೆ ಜಾಸ್ತಿಯಾಗುತ್ತದೆ. ಕೈ ಜೋಮು ಅಂದ ಕೂಡಲೇ ಕುತ್ತಿಗೆಯ ಎಂಆರ್‌ಐ ಮಾಡಿಸಿಕೊಂಡು ಬರುವವರಿದ್ದಾರೆ. 50 ದಾಟಿದವರಲ್ಲಿ ಹೆಚ್ಚಿನವರ ಸ್ಕ್ಯಾನಿನಲ್ಲಿ ಡಿಸ್ಕ್ (ಬೆನ್ನುಮೂಳೆಗಳ ನಡುವಿನ ಮೆತ್ತೆ) ಸವೆದಿರುವುದು ಹೇಗೂ ಕಾಣುತ್ತದೆ, ಯಾವ ತೊಂದರೆ ಇಲ್ಲದವರಲ್ಲೂ. ಅದನ್ನೇ ಕಾರಣ ಅಂದುಕೊಂಡರೆ ಮಣಿಕಟ್ಟಿನ ತೊಂದರೆಗೆ ಕುತ್ತಿಗೆಗೆ ಪಟ್ಟಿ ಬೀಳುತ್ತದೆ.

ಒಂದೇ ಕಾಲಾದರೆ

ಸೊಂಟದಿಂದ ಹೊರಟು ಪೃಷ್ಠ, ತೊಡೆಯ ಹಿಂಭಾಗ ದಾಟಿ ಪಾದದವರೆಗೆ ನೋವೂ ಜೋಮೂ ಒಟ್ಟಿಗೆ ಇಳಿದರೆ, ಕೆಮ್ಮಿದಾಗ ಸೀನಿದಾಗ ಎಳೆದ ಹಾಗಾದರೆ, ಬೆನ್ನಿನ ಡಿಸ್ಕ್ ಜಾರಿ ನರದ ಬೇರು ಒತ್ತಿರುವ ಸಾಧ್ಯತೆ ಜಾಸ್ತಿ. ಎಲ್ಲರೂ ಸಯಾಟಿಕಾ ಅನ್ನುವುದು ಇದನ್ನೇ. ಪಾದದ ಮೇಲ್ಭಾಗ ಮತ್ತು ಹೆಬ್ಬೆಟ್ಟಿನ ಕಡೆ ಜೋಮಾದರೆ ಒಂದು ಬೇರು, ಪಾದದ ಹೊರಅಂಚು ಮತ್ತು ಕಿರುಬೆರಳಿನ ಕಡೆ ಆದರೆ ಅದರ ಕೆಳಗಿನದು. ಹೆಚ್ಚಿನವರಿಗೆ ಆಪರೇಷನ್ ಇಲ್ಲದೆ, ಕೆಲವು ವಾರಗಳಲ್ಲಿ ಕಡಿಮೆಯಾಗುತ್ತದೆ.

ಬೆನ್ನು ನೋವೇ ಇಲ್ಲದೆ ಪಾದ ಮೇಲೆತ್ತಲು ಆಗದೆ, ನಡೆಯುವಾಗ ಮುಂಗಾಲು ನೆಲಕ್ಕೆ ತಟ್ಟುತ್ತಿದ್ದರೆ ಮೊಣಕಾಲಿನ ಹೊರಬದಿ ನೋಡಬೇಕು. ಅಲ್ಲಿ ಮೂಳೆಯ ಗುಬುಟಿನ ಪಕ್ಕದಲ್ಲೇ ಒಂದು ನರ ಸುತ್ತಿಕೊಂಡು ಹೋಗುತ್ತದೆ. ಕಾಲ ಮೇಲೆ ಕಾಲು ಹಾಕಿ ಕೂರುವುದು, ಗಂಟೆಗಟ್ಟಲೆ ಕುಕ್ಕರುಗಾಲಲ್ಲಿ ಕೂತು ಕೆಲಸ ಮಾಡುವುದು, ಬೇಗ ತುಂಬಾ ತೂಕ ಇಳಿಸುವುದು, ಬಿಗಿಯಾದ ಪ್ಲಾಸ್ಟರ್ ಇವೆಲ್ಲ ಅದನ್ನು ಒತ್ತುತ್ತವೆ.

ತೊಡೆಯ ಹೊರಬದಿಯಲ್ಲಿ ಅಂಗೈ ಅಗಲದ ಜಾಗ ಮಾತ್ರ ಉರಿದು ಮರಗಟ್ಟಿದರೆ ಬೆಲ್ಟು, ಬಿಗಿ ಪ್ಯಾಂಟು, ಹೊಟ್ಟೆಯ ಬೊಜ್ಜು ಕಾರಣ ಇರಬಹುದು. ಆ ನರಕ್ಕೆ ಸ್ನಾಯುವಿನ ಕೆಲಸವೇ ಇಲ್ಲ, ಹಾಗಾಗಿ ಬಲ ಹೋಗುವುದಿಲ್ಲ.

ಎರಡೂ ಪಾದ ಒಟ್ಟಿಗೆ ಶುರುವಾದರೆ

ಎರಡೂ ಪಾದಗಳಲ್ಲಿ ಸಮನಾಗಿ, ಬೆರಳ ತುದಿಯಿಂದ ಶುರುವಾಗಿ ತಿಂಗಳುಗಟ್ಟಲೆ ನಿಧಾನವಾಗಿ ಮೇಲೇರುತ್ತಿದ್ದರೆ ಒಂದು ನರ ಒತ್ತಿದ್ದಲ್ಲ. ಇಡೀ ಮೈಯ ನರಗಳಿಗೇ ಏನೋ ಕಡಿಮೆಯಾಗಿದೆ ಅಥವಾ ಏನೋ ವಿಷವಾಗುತ್ತಿದೆ. ಇದಕ್ಕೆ ನ್ಯೂರೋಪತಿ ಅನ್ನುತ್ತಾರೆ.

ಪಾದವೇ ಯಾಕೆ ಮೊದಲು? ಸೊಂಟದಿಂದ ಕಾಲ್ಬೆರಳಿಗೆ ಹೋಗುವ ತಂತು ಸುಮಾರು ಒಂದು ಮೀಟರ್ ಉದ್ದ. ಅದಕ್ಕೆ ಬೇಕಾದ ಸಾಮಗ್ರಿಯೆಲ್ಲ ಬೆನ್ನಿನ ಹತ್ತಿರ ಇರುವ ಜೀವಕೋಶದಲ್ಲಿ ತಯಾರಾಗಿ ತುದಿವರೆಗೆ ಹೋಗಬೇಕು. ಟ್ಯಾಂಕಿನಲ್ಲಿ ನೀರು ಕಡಿಮೆಯಾದಾಗ ಪೈಪಿನ ಕೊನೆಯ ಮನೆಗೆ ಮೊದಲು ನಿಲ್ಲುತ್ತದಲ್ಲ, ಇಲ್ಲೂ ಅದೇ ಲೆಕ್ಕ. ಅತಿ ಉದ್ದದ ನರ ಮೊದಲು ಸೋಲುತ್ತದೆ. ಜೋಮು ಮೊಣಕಾಲಿನ ಹತ್ತಿರ ಬರುವ ಹೊತ್ತಿಗೆ ಕೈಬೆರಳ ತುದಿಯಲ್ಲೂ ಶುರುವಾಗುತ್ತದೆ.

ಕಾರಣಗಳಲ್ಲಿ ದೊಡ್ಡದು ಸಕ್ಕರೆ ಕಾಯಿಲೆ. ಅದು ಇರುವವರಲ್ಲಿ ಸುಮಾರು ಅರ್ಧದಷ್ಟು ಜನರಿಗೆ ಒಂದಲ್ಲ ಒಂದು ದಿನ ನರ ಕೆಡುತ್ತದೆ. ಸಕ್ಕರೆ ಇನ್ನೂ ಗಡಿಯಲ್ಲಿರುವಾಗಲೇ ಕೆಲವರಿಗೆ ಅಂಗಾಲು ಉರಿ ಬಂದಿರುತ್ತದೆ. ಉರಿ ಇದ್ದರೆ ಹೇಳಿಕೊಂಡಾದರೂ ಬರುತ್ತಾರೆ. ಹೆಚ್ಚು ಅಪಾಯ ಇರುವುದು ಏನೂ ಗೊತ್ತಾಗದ ಪಾದದಲ್ಲಿ. ಚಪ್ಪಲಿ ಜಾರಿ ಹಿಂದೆ ಬಿದ್ದಿರುತ್ತದೆ, ಹತ್ತು ಹೆಜ್ಜೆ ಮುಂದೆ ಹೋದ ಮೇಲೆ ಬೇರೆಯವರು ಹೇಳುತ್ತಾರೆ. ಬೂಟಿನೊಳಗೆ ಸೇರಿದ ಕಲ್ಲಿನ ಚೂರು ಸಂಜೆಯ ತನಕ ಚುಚ್ಚಿ ಹುಣ್ಣು ಮಾಡಿರುತ್ತದೆ, ನೋವೇ ಇಲ್ಲ. ಸಕ್ಕರೆ ಕಾಯಿಲೆಯವರು ದಿನಾ ಅಂಗಾಲು ನೋಡಿಕೊಳ್ಳಬೇಕು ಅನ್ನುವುದು ಇದಕ್ಕೇ.

ಎರಡನೆಯದು ಬಿ12 ಕೊರತೆ. ಮಯಲಿನ್ ಪದರ ಸರಿಯಾಗಿರಲು ಈ ವಿಟಮಿನ್ ಬೇಕು. ಇದು ಮಾಂಸ, ಮೀನು, ಮೊಟ್ಟೆ, ಹಾಲಿನಲ್ಲಿ ಇರುತ್ತದೆ, ಸೊಪ್ಪು ತರಕಾರಿಯಲ್ಲಿ ಇಲ್ಲ ಅಂದರೂ ನಡೆಯುತ್ತದೆ. ಲಿವರ್‌ನಲ್ಲಿ ಕೆಲವು ವರ್ಷಗಳಿಗೆ ಆಗುವಷ್ಟು ದಾಸ್ತಾನು ಇರುವುದರಿಂದ ಕೊರತೆ ತಕ್ಷಣ ಕಾಣುವುದಿಲ್ಲ. ಸಸ್ಯಾಹಾರಿಗಳು, ವಯಸ್ಸಾದವರು, ಹೊಟ್ಟೆಯ ಆಪರೇಷನ್ ಆದವರು, ವರ್ಷಗಟ್ಟಲೆ ಸಕ್ಕರೆ ಕಾಯಿಲೆಯ ಮೆಟ್‌ಫಾರ್ಮಿನ್ ಅಥವಾ ಆ್ಯಸಿಡಿಟಿ ಮಾತ್ರೆ ನುಂಗುವವರು ಇದನ್ನು ನೆನಪಿಡಬೇಕು. ಮುಖ ತೊಳೆಯಲು ಕಣ್ಣು ಮುಚ್ಚಿದ ಕೂಡಲೇ ಮೈ ವಾಲುತ್ತದೆ, ಕತ್ತಲಲ್ಲಿ ನಡೆಯುವಾಗ ನೆಲ ಸಿಕ್ಕಿದ್ದು ಗೊತ್ತಾಗುವುದಿಲ್ಲ ಅಂತ ಯಾರಾದರೂ ಹೇಳಿದರೆ ಅದು ಬೆನ್ನುಹುರಿಯಲ್ಲಿ ಭಂಗಿಯ ಸುದ್ದಿ ಒಯ್ಯುವ ದಾರಿಯೇ ಕೆಟ್ಟಿರುವ ಗುರುತು. ಹಿಮೋಗ್ಲೋಬಿನ್ ಸರಿಯಿದ್ದರೂ ಹೀಗಾಗಬಹುದು. ಫೋಲಿಕ್ ಆ್ಯಸಿಡ್ ಮಾತ್ರ ತಗೊಂಡರೆ ರಕ್ತ ಸುಧಾರಿಸುತ್ತದೆ, ನರ ಕೆಡುತ್ತಲೇ ಹೋಗುತ್ತದೆ.

ಇಲ್ಲೇ ಆ ಬಿ ಕಾಂಪ್ಲೆಕ್ಸ್ ವಿಷಯ. ಪರೀಕ್ಷೆ ಮಾಡಿಸದೆ ಮಾತ್ರೆ ಶುರು ಮಾಡಿದರೆ ಎರಡು ತೊಂದರೆ ಇದೆ. ಒಂದು, ರಕ್ತದಲ್ಲಿ ಬಿ12 ಮೇಲೇರಿ ಮೊದಲು ಕೊರತೆ ಇತ್ತೋ ಇಲ್ಲವೋ ತಿಳಿಯುವುದೇ ಇಲ್ಲ. ಇನ್ನೊಂದು ಹೆಚ್ಚಿನವರಿಗೆ ಗೊತ್ತಿರುವುದಿಲ್ಲ: ಬಿ6 ಅನ್ನು ಜಾಸ್ತಿ ಪ್ರಮಾಣದಲ್ಲಿ ಬಹಳ ಕಾಲ ತಗೊಂಡರೆ ಅದೇ ನರವನ್ನು ಕೆಡಿಸುತ್ತದೆ, ಜೋಮು ತರಿಸುತ್ತದೆ. ಜೋಮಿಗೆ ಅಂತ ತಗೊಂಡ ಮಾತ್ರೆಯಿಂದಲೇ ಜೋಮು!

ಉಳಿದ ಕಾರಣಗಳು: ವರ್ಷಗಟ್ಟಲೆ ಮದ್ಯ, ಥೈರಾಯ್ಡ್ ಕಡಿಮೆ, ಕಿಡ್ನಿ ಕಾಯಿಲೆ, ಕ್ಯಾನ್ಸರಿಗೆ ಕೊಡುವ ಕೆಲವು ಔಷಧಿಗಳು, ಕ್ಷಯಕ್ಕೆ ಕೊಡುವ ಐಸೋನಿಯಾಜಿಡ್ (ಇದರ ಜೊತೆ ಮಾತ್ರ ಬಿ6 ಅನ್ನು ವೈದ್ಯರೇ ಸಣ್ಣ ಪ್ರಮಾಣದಲ್ಲಿ ಕೊಡುತ್ತಾರೆ). ಚರ್ಮದ ಮೇಲೆ ಬಣ್ಣ ಮಾಸಿದ ಮಚ್ಚೆ ಇದ್ದು, ಆ ಮಚ್ಚೆಯ ಮೇಲೆ ಮುಟ್ಟಿದ್ದು ಗೊತ್ತಾಗದಿದ್ದರೆ ಕುಷ್ಠರೋಗ ಇದೆಯೇ ಅಂತ ನೋಡಲೇಬೇಕು. ಅದು ನರಕ್ಕೆ ತಗಲುವ ಸೋಂಕು, 6ರಿಂದ 12 ತಿಂಗಳ ಔಷಧಿಯಲ್ಲಿ ಗುಣವಾಗುತ್ತದೆ. ತಡ ಮಾಡಿದರೆ ಬೆರಳು ಮಡಚಿಕೊಳ್ಳುವುದು ಮಾತ್ರ ಹಾಗೇ ಉಳಿಯಬಹುದು.

ಜೋಮು ಇಲ್ಲ, ಬಲ ಮಾತ್ರ ಹೋಗಿದೆ

ಸ್ಪರ್ಶ ಪೂರ್ತಿ ಸರಿಯಿದ್ದು ಬಲ ಮಾತ್ರ ಕಡಿಮೆಯಾದರೆ ಹುಡುಕಾಟ ಸ್ನಾಯುವಿನ ಕಡೆ ತಿರುಗುತ್ತದೆ. ಸ್ನಾಯುವಿನ ಕಾಯಿಲೆಯಲ್ಲಿ ಸಾಮಾನ್ಯವಾಗಿ ಹೆಗಲು ಮತ್ತು ತೊಡೆ ಮೊದಲು ಸೋಲುತ್ತವೆ. ತಲೆ ಬಾಚಲು ಕೈ ಎತ್ತಲಾಗದು, ಮೆಟ್ಟಿಲು ಹತ್ತಲು ಕಂಬಿ ಬೇಕು, ಆದರೆ ಬೆರಳಿನ ಹಿಡಿತ ಗಟ್ಟಿಯಿರುತ್ತದೆ. ಥೈರಾಯ್ಡ್ ಏರುಪೇರು, ವಿಟಮಿನ್ ಡಿ ತೀರಾ ಕಡಿಮೆ ಇರುವುದು, ಬಹಳ ಕಾಲ ಸ್ಟೀರಾಯ್ಡ್ ತಗೊಂಡಿರುವುದು, ಅಪರೂಪಕ್ಕೆ ಕೊಲೆಸ್ಟರಾಲ್ ಇಳಿಸುವ ಸ್ಟ್ಯಾಟಿನ್ ಮಾತ್ರೆ ಇದಕ್ಕೆ ಕಾರಣ.

ವಾಂತಿ ಭೇದಿ ಆದ ಮೇಲೆ, ಅಥವಾ ಮೂತ್ರ ಹೆಚ್ಚು ಹೋಗಿಸುವ ಮಾತ್ರೆ ತಗೊಳ್ಳುವವರಿಗೆ ಪೊಟ್ಯಾಸಿಯಂ ಇಳಿದು ಕೈಕಾಲು ಸೋಲುವುದುಂಟು. ತುಂಬಾ ಇಳಿದರೆ ಹೃದಯದ ಬಡಿತಕ್ಕೂ ಅಪಾಯ.

ಬೆಳಗ್ಗೆ ಚೆನ್ನಾಗಿದ್ದು ಸಂಜೆಗೆ ರೆಪ್ಪೆ ಇಳಿಬೀಳುವುದು, ಒಂದು ಎರಡಾಗಿ ಕಾಣುವುದು, ಊಟದ ಕೊನೆಗೆ ಅಗಿಯಲು ಆಗದಿರುವುದು ಮಯಸ್ತೇನಿಯಾ ಗ್ರೇವಿಸ್‌ನ ಲಕ್ಷಣ. ನರ ಮತ್ತು ಸ್ನಾಯು ಕೂಡುವ ಜಾಗದ ಮೇಲೆ ಮೈಯ ರೋಗನಿರೋಧಕ ಶಕ್ತಿಯೇ ದಾಳಿ ಮಾಡುತ್ತದೆ. ಇದಕ್ಕೆ ಒಳ್ಳೆಯ ಚಿಕಿತ್ಸೆ ಇದೆ.

ಕಣ್ಣಿನ ರೆಪ್ಪೆ, ಮೀನಖಂಡ ಪಟಪಟ ಅದುರಿದ್ದಕ್ಕೆ ಇಂಟರ್‌ನೆಟ್ ನೋಡಿ ಗಾಬರಿಯಾಗುವವರು ಬಹಳ. ಬಲ ಕಡಿಮೆಯಾಗಿಲ್ಲ, ಸ್ನಾಯು ಸವೆದಿಲ್ಲ ಅಂದರೆ ಅದುರುವುದಷ್ಟೇ ಸಾಮಾನ್ಯವಾಗಿ ದೊಡ್ಡ ಕಾಯಿಲೆಯಲ್ಲ. ನಿದ್ದೆಗೇಡು, ಕಾಫಿ, ಆತಂಕ ಇದ್ದರೂ ಸಾಕು.

ಗಾಬರಿಯಾದಾಗ ಬರುವ ಜೋಮು

ತುಟಿಯ ಸುತ್ತ, ಎರಡೂ ಕೈಬೆರಳಲ್ಲಿ ಒಮ್ಮೆಲೇ ಜುಮ್ ಅಂದು, ಎದೆ ಡವಡವ, ಉಸಿರು ಸಾಲದು ಅನ್ನಿಸಿದರೆ ಗಾಬರಿಯಲ್ಲಿ ಉಸಿರು ಜೋರಾಗಿರುವುದು ಕಾರಣ ಇರಬಹುದು. ಬೇಗ ಬೇಗ ಉಸಿರಾಡಿದಾಗ ರಕ್ತದ ಇಂಗಾಲದ ಡೈಆಕ್ಸೈಡ್ ಕಡಿಮೆಯಾಗಿ, ಬಿಡಿಯಾಗಿ ಸಿಗುವ ಕ್ಯಾಲ್ಸಿಯಂ ಇಳಿದು, ನರ ಸಿಡುಕುತ್ತದೆ. ಜೋಮು ನಿಜವಾದದ್ದೇ, ಸುಮ್ನೆ ಭ್ರಮೆ ಅಲ್ಲ. ಉಸಿರು ನಿಧಾನವಾದರೆ ಹೋಗುತ್ತದೆ. ಆದರೆ ಮೊದಲ ಸಲ ಹೀಗಾದಾಗ ಇದು ಗಾಬರಿಯೇ ಅಂತ ತಾವೇ ತೀರ್ಮಾನಿಸಬಾರದು.

ಕಾಯಬಾರದ ಮೂರು

ಒಮ್ಮೆಲೇ ಒಂದು ಕಡೆಯ ಮುಖ, ಕೈ, ಕಾಲು ಸೋತರೆ ಅಥವಾ ಮರಗಟ್ಟಿದರೆ, ಮಾತು ತೊದಲಿದರೆ, ಬಾಯಿ ಸೊಟ್ಟಗಾದರೆ ಅದು ಲಕ್ವ ಅಂತಲೇ ತಿಳಿದು ಸಿಟಿ ಸ್ಕ್ಯಾನ್ ಇರುವ ಆಸ್ಪತ್ರೆಗೆ ಹೊರಡಬೇಕು. ರಕ್ತದ ಗಡ್ಡೆ ಕರಗಿಸುವ ಇಂಜೆಕ್ಷನ್ ಕೊಡಲು ಸಾಮಾನ್ಯವಾಗಿ ಶುರುವಾದ ಹೊತ್ತಿನಿಂದ ನಾಲ್ಕೂವರೆ ಗಂಟೆ ಮಾತ್ರ ಸಮಯ. ಹಾಗಾಗಿ ಕೊನೆಯದಾಗಿ ಸರಿಯಿದ್ದದ್ದು ಎಷ್ಟು ಗಂಟೆಗೆ ಅನ್ನುವುದನ್ನು ಗುರುತು ಹಾಕಿಕೊಳ್ಳಿ. ನೀರು, ಊಟ, ಆಸ್ಪಿರಿನ್ ಏನನ್ನೂ ಬಾಯಿಗೆ ಹಾಕಬೇಡಿ. ನುಂಗಲು ಬರದಿರಬಹುದು, ಮತ್ತು ಗಡ್ಡೆಯೋ ರಕ್ತಸ್ರಾವವೋ ಸ್ಕ್ಯಾನ್ ಆಗುವ ತನಕ ಗೊತ್ತಾಗುವುದಿಲ್ಲ. ಹತ್ತು ನಿಮಿಷದಲ್ಲಿ ತಾನಾಗಿಯೇ ಸರಿಹೋಯಿತು ಅಂತ ಮನೆಯಲ್ಲೇ ಉಳಿಯುವುದೂ ತಪ್ಪು. ಅದರ ನಂತರದ ಎರಡು ದಿನಗಳಲ್ಲೇ ದೊಡ್ಡ ಲಕ್ವ ಬರುವ ಅಪಾಯ ಎಲ್ಲಕ್ಕಿಂತ ಜಾಸ್ತಿ.

ಭೇದಿ ಅಥವಾ ನೆಗಡಿ ಜ್ವರ ಬಂದು ಹೋದ ಒಂದೆರಡು ವಾರಕ್ಕೆ ಎರಡೂ ಪಾದ ಜೋಮಾಗಿ, ನಿನ್ನೆ ಮೆಟ್ಟಿಲು ಕಷ್ಟ, ಇವತ್ತು ಏಳುವುದೇ ಕಷ್ಟ ಅನ್ನುವ ಹಾಗೆ ಬಲ ಇಳಿಯುತ್ತಿದ್ದರೆ ಗಿಲಾನ್ ಬಾರೆ ಸಿಂಡ್ರೋಮ್ ಇರಬಹುದು. ಸೋಂಕಿನ ವಿರುದ್ಧ ಎದ್ದ ರೋಗನಿರೋಧಕ ಶಕ್ತಿ ದಾರಿ ತಪ್ಪಿ ನರದ ಮೇಲೆ ಬೀಳುತ್ತದೆ. ನಾಲ್ಕು ವಾರದೊಳಗೆ ಇದು ತುದಿ ಮುಟ್ಟುತ್ತದೆ. ನೂರರಲ್ಲಿ 20ರಿಂದ 30 ಜನರಿಗೆ ವೆಂಟಿಲೇಟರ್ ಬೇಕಾಗುತ್ತದೆ, ಯಾಕೆಂದರೆ ಉಸಿರಾಟಕ್ಕೂ ಸ್ನಾಯುವೇ ಬೇಕು. ಇಮ್ಯುನೋಗ್ಲೋಬ್ಯುಲಿನ್ (ದಾನಿಗಳ ರಕ್ತದಿಂದ ತೆಗೆದ ಪ್ರತಿಕಾಯ) ಅಥವಾ ಪ್ಲಾಸ್ಮಾ (ರಕ್ತದ ದ್ರವಭಾಗ) ಬದಲಿಸುವ ಚಿಕಿತ್ಸೆ ಬೇಗ ಶುರುವಾದಷ್ಟೂ ಒಳ್ಳೆಯದು. ಹೆಚ್ಚಿನವರು ಮತ್ತೆ ನಡೆಯುತ್ತಾರೆ.

ಮೂರನೆಯದು, ಬೆನ್ನು ನೋವಿನ ಜೊತೆ ತೊಡೆಸಂದಿ, ಗುದದ ಸುತ್ತ ಮರಗಟ್ಟುವುದು ಮತ್ತು ಮೂತ್ರ ಕಟ್ಟುವುದು ಅಥವಾ ತಿಳಿಯದೇ ಹೋಗುವುದು. ಹೇಳಿಕೊಳ್ಳಲು ಸಂಕೋಚ ಅಂತ ಜನ ಮುಚ್ಚಿಡುವುದು ಇದನ್ನೇ. ಬೆನ್ನಿನ ಕೆಳಗಿನ ನರಗಳ ಗೊಂಚಲು ಪೂರ್ತಿ ಒತ್ತಿರಬಹುದು, ಅದೇ ದಿನ ಎಂಆರ್‌ಐ, ಬೇಕಾದರೆ ತುರ್ತು ಆಪರೇಷನ್.

ಪರೀಕ್ಷೆ ಮತ್ತು ವಾಸಿಯಾಗುವ ಹೊತ್ತು

ವೈದ್ಯರು ಹತ್ತಿ, ಸೂಜಿ, ಕಂಪಿಸುವ ಫೋರ್ಕು, ಸಣ್ಣ ಸುತ್ತಿಗೆ ಹಿಡಿದು ನೋಡುವ ಹದಿನೈದು ನಿಮಿಷ ಬಹಳ ಮುಖ್ಯ. ರಕ್ತದಲ್ಲಿ ಸಕ್ಕರೆ, ಬಿ12, ಥೈರಾಯ್ಡ್, ಕಿಡ್ನಿ ನೋಡುತ್ತಾರೆ. ನರದ ವೇಗ ಅಳೆಯುವ ಎನ್‌ಸಿಎಸ್‌ನಲ್ಲಿ ಚಿಕ್ಕ ಕರೆಂಟ್ ಕೊಡುತ್ತಾರೆ, ಸ್ನಾಯು ನೋಡುವ ಇಎಂಜಿಯಲ್ಲಿ ಸಣ್ಣ ಸೂಜಿ ಹಾಕುತ್ತಾರೆ. ಪೆಟ್ಟಾದ ಮರುದಿನವೇ ಇಎಂಜಿ ಮಾಡಿಸಿದರೆ ಪೂರ್ತಿ ಚಿತ್ರ ಸಿಗುವುದಿಲ್ಲ, ಬದಲಾವಣೆ ಕಾಣಲು ಎರಡು ಮೂರು ವಾರ ಬೇಕು. ಅಂಗಾಲು ಉರಿಯುತ್ತಿದ್ದರೂ ಎನ್‌ಸಿಎಸ್ ನಾರ್ಮಲ್ ಬರಬಹುದು, ಯಾಕೆಂದರೆ ನೋವು ಮತ್ತು ಬಿಸಿಯ ಸಣ್ಣ ತಂತುಗಳನ್ನು ಆ ಪರೀಕ್ಷೆ ನೋಡುವುದೇ ಇಲ್ಲ. ರಿಪೋರ್ಟ್ ಸರಿಯಿದೆ ಅಂತ ಉರಿ ಸುಳ್ಳಾಗುವುದಿಲ್ಲ.

ಪ್ರೆಗಾಬಾಲಿನ್, ಗಾಬಾಪೆಂಟಿನ್, ಅಮಿಟ್ರಿಪ್ಟಿಲಿನ್ ಥರದ ಮಾತ್ರೆಗಳು ಉರಿ, ಚುಚ್ಚುವ ನೋವನ್ನು ತಗ್ಗಿಸುತ್ತವೆ. ನರ ರಿಪೇರಿ ಮಾಡುವುದಿಲ್ಲ, ಮೂಲ ಕಾರಣಕ್ಕೆ ಬೇರೆ ಚಿಕಿತ್ಸೆ ಬೇಕೇ ಬೇಕು.

ಒತ್ತಡದಿಂದ ಮಯಲಿನ್ ಪದರ ಮಾತ್ರ ಕೆಟ್ಟಿದ್ದರೆ ಕೆಲವು ವಾರಗಳಿಂದ ಮೂರು ತಿಂಗಳೊಳಗೆ ಸಾಮಾನ್ಯವಾಗಿ ಸರಿಹೋಗುತ್ತದೆ. ಒಳಗಿನ ತಂತುವೇ ಕಡಿದಿದ್ದರೆ ಅದು ಮತ್ತೆ ಬೆಳೆಯುವುದು ದಿನಕ್ಕೆ ಸುಮಾರು 1 ಮಿಲಿಮೀಟರ್. ಮೊಣಕೈಯಿಂದ ಬೆರಳ ತುದಿಗೆ 40 ಸೆಂಟಿಮೀಟರ್ ಇದೆ ಅಂದುಕೊಳ್ಳಿ, ವರ್ಷಕ್ಕೂ ಮೇಲೆ ಬೇಕು. ಈ ನಡುವೆ ಸತ್ತ ಹಾಗಿದ್ದ ಜಾಗದಲ್ಲಿ ಹೊಸದಾಗಿ ಜುಮ್ ಅನ್ನಲು ಶುರುವಾಗಬಹುದು. ಎಷ್ಟೋ ಜನ ಕಾಯಿಲೆ ತಿರುಗಿತು ಅಂತ ಹೆದರಿ ಓಡಿ ಬರುತ್ತಾರೆ. ತಂತು ಬೆಳೆಯುತ್ತಿರುವ ತುದಿಯ ಮೇಲೆ ಬೆರಳಿಂದ ಮೆಲ್ಲಗೆ ತಟ್ಟಿದರೆ ಹೀಗಾಗುತ್ತದೆ, ಮತ್ತು ತಿಂಗಳಿಂದ ತಿಂಗಳಿಗೆ ಆ ಜಾಗ ಬೆರಳ ಕಡೆಗೆ ಸರಿಯುತ್ತಿದ್ದರೆ ನರ ಬೆಳೆಯುತ್ತಿದೆ.